ಸ್ಪೋರ್ಟ್ಸ್ ಕಾರಿನ ಸ್ಟಿಯರಿಂಗ್ ವೀಲ್ ಬದಲಿಸುವ ಮುನ್ನ

ಮಂಗಳೂರು, ಉಡುಪಿಯ ಹವೆಯಲ್ಲಿ ಸ್ಟಿಯರಿಂಗ್ ವೀಲಿನ ಹೊದಿಕೆ ಹೆಚ್ಚು ಕಾಲ ಬಾಳುವುದಿಲ್ಲ. ಕೈಬೆವರು ಮತ್ತು ಕಡಲ ಗಾಳಿಯ ತೇವ ಸೇರಿ ಚರ್ಮ ಸುಲಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಕಾರಾದರೆ ಬೂಷ್ಟೂ ಹಿಡಿಯುತ್ತದೆ. ಆದರೆ ಹೊದಿಕೆ ಮಾತ್ರ ಹಾಳಾಗಿದ್ದರೆ ವೀಲನ್ನೇ ಬದಲಿಸಬೇಕಾಗಿಲ್ಲ, ನುರಿತವರಿಂದ ಹೊಸ ಚರ್ಮ ಹೊಲಿಸಿದರೆ ಸಾಕು.

ಬದಲಿಸಲೇಬೇಕೆಂದಾದರೆ ಮೊದಲು ನೋಡಬೇಕಾದದ್ದು ಏರ್‌ಬ್ಯಾಗ್. 2019ರ ಜುಲೈ 1ರಿಂದ ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿಯೂ ಅದು ಇದೆ. ಅದನ್ನು ಕಿತ್ತು, ಅದರ ಜಾಗಕ್ಕೆ ರೆಸಿಸ್ಟರ್ (ಏರ್‌ಬ್ಯಾಗ್ ಇದೆಯೆಂದು ಕಾರನ್ನು ನಂಬಿಸುವ ಸಣ್ಣ ವಿದ್ಯುತ್ ಬಿಡಿಭಾಗ) ಜೋಡಿಸಿ ಎಚ್ಚರಿಕೆ ದೀಪ ಆರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ. ದೀಪ ಆರಿದರೂ ಅಪಘಾತದ ಹೊತ್ತಿನಲ್ಲಿ ಎದೆಗೆ ರಕ್ಷಣೆ ಇರುವುದಿಲ್ಲ, ವಿಮೆಯ ಪರಿಹಾರಕ್ಕೂ ತಕರಾರು ಬರಬಹುದು. ರಸ್ತೆಯಲ್ಲಿ ಓಡುವ ಕಾರಿಗೆ ಅದೇ ಮಾದರಿಗೆ ತಯಾರಕರು ಒಪ್ಪಿದ, ಏರ್‌ಬ್ಯಾಗ್ ಕೂರುವ ವೀಲನ್ನೇ ಆರಿಸುವುದು ಸರಿ.

ಏರ್‌ಬ್ಯಾಗ್ ಇಲ್ಲದ ಹಳೆಯ ಕಾರಿಗೂ ಟ್ರ್ಯಾಕ್‌ಗಷ್ಟೇ ಮೀಸಲಾದ ಕಾರಿಗೂ ಬೇರೆ ಕಂಪನಿಯ ವೀಲ್ ಹಾಕಬಹುದು. ಇಂಥ ವೀಲನ್ನು ಕೂರಿಸಲು ಕಾರಿನ ಸ್ಪ್ಲೈನಿಗೆ (ಸ್ಟಿಯರಿಂಗ್ ಶಾಫ್ಟ್, ಅಂದರೆ ದಂಡದ ತುದಿಯ ಹಲ್ಲುಗಳಿಗೆ) ಸರಿಹೊಂದುವ ಬಾಸ್ ಕಿಟ್, ಅಂದರೆ ವೀಲನ್ನು ದಂಡಕ್ಕೆ ಜೋಡಿಸುವ ನಡುವಿನ ಭಾಗ ಬೇಕು. ಮೊಮೊ, ಸ್ಪಾರ್ಕೊ ವೀಲುಗಳ ಆರು ಬೋಲ್ಟುಗಳು ಸಾಮಾನ್ಯವಾಗಿ 70 ಮಿ.ಮೀ. ವೃತ್ತದಲ್ಲಿದ್ದರೆ ನಾರ್ಡಿಯವು 74 ಮಿ.ಮೀ. ವೃತ್ತದಲ್ಲಿರುತ್ತವೆ, ರಂಧ್ರ ಕೊರೆದು ಹೊಂದಿಸುವುದು ಅಪಾಯ. 350 ಮಿ.ಮೀ. ವ್ಯಾಸದ ಚಿಕ್ಕ ವೀಲ್ ಚುರುಕಾಗಿ ತಿರುಗುತ್ತದೆ, ಆದರೆ ಪವರ್ ಸ್ಟಿಯರಿಂಗ್ ಇಲ್ಲದಿದ್ದರೆ ಮಂಗಳೂರಿನ ಹಂಪನಕಟ್ಟೆಯ ಇಕ್ಕಟ್ಟಿನಲ್ಲಿ ಪಾರ್ಕ್ ಮಾಡುವಾಗ ತೋಳು ಸೋಲುತ್ತದೆ. ಸೀಟಿನಲ್ಲಿ ಕುಳಿತು, ಸ್ಪೀಡೋಮೀಟರ್ ಮರೆಯಾಗುವುದೇ, ಮಂಡಿ ತಾಗುವುದೇ ಎಂದು ನೋಡಿಯೇ ಕೊಳ್ಳಿ. ನಮ್ಮ ಸೆಕೆಗೆ ಸ್ವೇಡ್ ಹೊದಿಕೆಗಿಂತ ನಯವಾದ ಚರ್ಮವೇ ವಾಸಿ.

ಕೆಲಸಕ್ಕೆ ಇಳಿಯುವಾಗ ಚಕ್ರಗಳನ್ನು ನೇರ ಮಾಡಿ, ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಏರ್‌ಬ್ಯಾಗ್ ಇದ್ದರೆ ಕಾರಿನ ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು, ಏಕೆಂದರೆ ಬ್ಯಾಟರಿ ಕಳಚಿದ ಮೇಲೂ ಅದರ ಸರ್ಕ್ಯೂಟಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಕಳಚಿದ ಏರ್‌ಬ್ಯಾಗನ್ನು, ಚಾಲಕನತ್ತ ಇದ್ದ ಮುಖ ಮೇಲಾಗಿ ಇಡಬೇಕು; ಮಲ್ಟಿಮೀಟರ್ ಹಚ್ಚಿ ಪರೀಕ್ಷಿಸಬಾರದು, ಆ ಸಣ್ಣ ಕರೆಂಟಿಗೂ ಅದು ಸಿಡಿಯಬಹುದು. ಈ ಹಂತವನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಡುವುದೇ ಒಳಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ನಡುವಿನ ನಟ್ ಸಡಿಲಿಸಿದ ಬಳಿಕ ಅದನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿಕೊಳ್ಳಿ, ಇಲ್ಲವಾದರೆ ಜಗ್ಗಿದ ವೀಲ್ ಒಮ್ಮೆಲೇ ಕಿತ್ತು ಬಂದು ಮುಖಕ್ಕೆ ಬಡಿಯುತ್ತದೆ. ಶಾಫ್ಟಿನ ತುದಿಗೂ ವೀಲಿನ ನಡುಭಾಗವಾದ ಹಬ್‌ಗೂ ಸೇರುವಂತೆ ಬಣ್ಣದ ಗೆರೆ ಎಳೆದಿಡಿ. ವೀಲ್ ಬಿಡದಿದ್ದರೆ ಪುಲ್ಲರ್ ಬಳಸಿ, ಸುತ್ತಿಗೆಯಿಂದ ಮಾತ್ರ ಬಡಿಯಬೇಡಿ. ಅಪಘಾತದಲ್ಲಿ ಒಳಗೆ ಕುಸಿಯುವಂತೆ ರಚಿಸಿದ ಸ್ಟಿಯರಿಂಗ್ ಕಾಲಂ (ವೀಲಿನ ಹಿಂದಿನ, ದಂಡವನ್ನು ಹೊತ್ತ ಭಾಗ) ಪೆಟ್ಟಿನಿಂದ ಹಾಳಾಗುತ್ತದೆ. ಏರ್‌ಬ್ಯಾಗ್, ಹಾರ್ನ್‌ಗಳಿಗೆ ವಿದ್ಯುತ್ ಸಂಪರ್ಕ ಕೊಡುವ ಸುರುಳಿಯಾದ ಕ್ಲಾಕ್ ಸ್ಪ್ರಿಂಗ್ ತಿರುಗದಂತೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಪೂರ್ತಿ ತಿರುಗಿಸಿದಾಗ ಅದರೊಳಗಿನ ಪಟ್ಟಿ ಹರಿದುಹೋಗುತ್ತದೆ.

ಹೊಸ ವೀಲನ್ನು ಗೆರೆಗೆ ಹೊಂದಿಸಿ, ಇಂಡಿಕೇಟರ್ ತಾನಾಗಿ ಮರಳಿಸುವ ಚಾಚು ಸರಿಯಾಗಿ ಕೂತಿದೆಯೇ ನೋಡಿ, ನಟ್ ಅನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ. ಕೈಪಿಡಿ ಹೊಸ ನಟ್ ಬೇಕೆಂದಿದ್ದರೆ ಹಳೆಯದನ್ನು ಮತ್ತೆ ಹಾಕಬೇಡಿ. ನಿಂತ ಕಾರಿನಲ್ಲೇ ಎರಡೂ ಕೊನೆಗಳವರೆಗೆ ತಿರುಗಿಸಿ, ಹಾರ್ನ್ ಒತ್ತಿ, ವೀಲನ್ನು ನಿಮ್ಮತ್ತ ಜಗ್ಗಿ ಅಲುಗಾಟವಿದೆಯೇ ಪರೀಕ್ಷಿಸಿ. ಇಎಸ್‌ಸಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರಿಗೆ, ವೀಲ್ ತಿರುಗಿದ ಕೋನವನ್ನು ಅಳೆಯುವ ಸ್ಟಿಯರಿಂಗ್ ಆಂಗಲ್ ಸೆನ್ಸರನ್ನು ಮತ್ತೆ ಹೊಂದಿಸಬೇಕಾಗಬಹುದು. ಏರ್‌ಬ್ಯಾಗ್ ದೀಪ ಆರದಿದ್ದರೆ ಕಾರನ್ನು ರಸ್ತೆಗೆ ಇಳಿಸಬೇಡಿ.

ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ. ಕೆಲವು ದಿನ ಊರೊಳಗೆ ಓಡಿಸಿದ ಬಳಿಕ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ; ಆಗುಂಬೆ ಘಾಟಿಯ ತಿರುವುಗಳಿಗೆ ಹೋಗುವುದು ಅದಾದ ಮೇಲೆಯೇ ಇರಲಿ.