ಗುಡ್ಡೆಯ ಬೆಂಕಿ ಅಂಗಳಕ್ಕೆ ಬರುವ ಮೊದಲು: ಮನೆಗೊಂದು ಬ್ಯಾಟರಿ ಸ್ಪ್ರಿಂಕ್ಲರ್

ಕುಂಭ ಮಾಸ ಬಂತೆಂದರೆ ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಪದವುಗಳಲ್ಲಿ (ಗುಡ್ಡೆಯ ಮೇಲಿನ ಬಯಲುಗಳಲ್ಲಿ) ಮುಳಿಹುಲ್ಲು ಒಣಗಿ ಕಾಗದದಂತಾಗಿರುತ್ತದೆ. ಯಾರೋ ಎಸೆದ ಬೀಡಿ ತುಂಡು, ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಉದುರಿದ ಕಿಡಿ, ಗೇರು ತೋಟದ ತರಗೆಲೆಗೆ ಕೊಟ್ಟ ಬೆಂಕಿ, ಯಾವುದೂ ಸಾಕು. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಅದನ್ನು ಸೊಪ್ಪಿನಿಂದ ಬಡಿದು ನಂದಿಸುವುದು ಕಷ್ಟ. ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಕರೆಂಟು. ಲೈನ್ ಆಫ್ ಮಾಡುತ್ತಾರೆ, ಇಲ್ಲವೇ ತಂತಿಯೇ ಕಡಿದು ಬೀಳುತ್ತದೆ. ಬಾವಿಯಲ್ಲಿ ನೀರಿದ್ದರೂ ಪಂಪು ತಿರುಗುವುದಿಲ್ಲ. ಆ ಹೊತ್ತಿಗೆ ಕೈಗೆ ಸಿಗಬೇಕಾದ ವ್ಯವಸ್ಥೆಯೊಂದನ್ನು ಮಾಡಿಕೊಳ್ಳುವುದು ಹೇಗೆ ಎಂಬುದು ಇಲ್ಲಿದೆ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ ಅನುಭವ ಇರುವವರಿಗೆ ಇದರಲ್ಲಿ ಅರ್ಧ ಕೆಲಸ ಗೊತ್ತಿರುವುದೇ.

ಒಂದು ವಿಷಯ ಮೊದಲೇ ಹೇಳಬೇಕು. ಈ ವ್ಯವಸ್ಥೆ ಉರಿಯುವ ಗುಡ್ಡೆಯನ್ನು ನಂದಿಸುವುದಿಲ್ಲ. ಗಾಳಿಯಲ್ಲಿ ಹಾರಿ ಬರುವ ಕೆಂಡ ಒಣ ಜಾಗಕ್ಕೆ ಬಿದ್ದು ಹತ್ತಿಕೊಳ್ಳದಂತೆ, ಹುಲ್ಲಿನ ಬೆಂಕಿ ಅಂಗಳದ ಅಂಚಿನಲ್ಲೇ ಸೋತುಹೋಗುವಂತೆ ಮಾಡುತ್ತದೆ, ಅಷ್ಟೇ. ಮನೆಯ ಬದಿಗೇ ಅಕೇಶಿಯಾ ಮರಗಳಿದ್ದು ಅವುಗಳ ತಲೆಗೇ ಬೆಂಕಿ ಹತ್ತಿದರೆ ನಾಲ್ಕು ಸ್ಪ್ರಿಂಕ್ಲರ್ ಏನೂ ಮಾಡಲಾರವು. ಹಾಗಾಗಿ ಪೈಪು ತರುವ ಮೊದಲು ಕತ್ತಿ ಹಿಡಿಯಿರಿ. ಜನವರಿ ಮುಗಿಯುವುದರೊಳಗೆ ಮನೆಯ ಸುತ್ತ 10 ಮೀಟರ್ ಹುಲ್ಲು ಹೆರೆದು, ತರಗೆಲೆ ಗುಡಿಸಿ, ಒಣ ಸೋಗೆ, ಮಡಲು, ಕಟ್ಟಿಗೆಯ ರಾಶಿಯನ್ನು ಗೋಡೆಯಿಂದ ದೂರ ಮಾಡಬೇಕು. ಮಳೆನೀರು ಹರಿಯುವ ದಂಬೆಯಲ್ಲಿ ಕೂತ ಎಲೆಗಳನ್ನು ತೆಗೆಯಬೇಕು. ಹಂಚಿನ ಮಾಡಿನ (ಛಾವಣಿಯ) ಮನೆಯಾದರೆ ಅಟ್ಟದ ಕಡೆಗೂ ನೋಡಬೇಕು. ಹಂಚುಗಳ ಸಂದಿನಿಂದ ಗಾಳಿ ಕಿಡಿಯನ್ನು ಒಳಗೆ ತಳ್ಳುತ್ತದೆ, ಅಲ್ಲಿ ಇಲಿ ಕಟ್ಟಿದ ಗೂಡು, ಹಳೆ ಹಾಳೆ, ಗೋಣಿ ಇರುತ್ತವೆ. ಮೇಲಿಂದ ಎಷ್ಟು ನೀರು ಸುರಿದರೂ ಆ ಜಾಗ ನೆನೆಯುವುದಿಲ್ಲ. ಮಾಡಿನ ತೆರೆದ ಬಾಯಿಗಳಿಗೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಹೊಡೆಸುವುದೇ ಅದಕ್ಕೆ ಮದ್ದು.

ಯಾವ ಬದಿಗೆ ನೀರು

ನಮ್ಮ ಕಡೆ ಹೆಚ್ಚಿನ ಮನೆಗಳು ಗುಡ್ಡೆಗೂ ತೋಟಕ್ಕೂ ನಡುವೆ ಇರುತ್ತವೆ. ಕೆಳಗಿನ ಅಡಿಕೆ ತೋಟ ಸದಾ ಹಸಿ, ಅದೇ ಒಂದು ತಡೆ. ಅಪಾಯ ಗುಡ್ಡೆಯ ಬದಿಯದ್ದು. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುವಷ್ಟು ವೇಗವಾಗಿ ಕೆಳಗೆ ಇಳಿಯುವುದಿಲ್ಲ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಏರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಗುಡ್ಡೆಯ ಬುಡದ ಮನೆಗೆ ಸ್ವಲ್ಪ ಸಮಯ ಸಿಗುತ್ತದೆ, ಪದವಿನ ಮೇಲಿನ ಮನೆಗೆ ಸಿಗುವುದಿಲ್ಲ. ಬುಡದ ಮನೆಯವರು ಉರುಳಿ ಬರುವ ಕೊಳ್ಳಿಯ ಮೇಲೆ ಕಣ್ಣಿಡಬೇಕು.

ಸಾಧಾರಣ ಹಂಚಿನ ಮನೆ ಮತ್ತು ಒಂದು ದನದ ಹಟ್ಟಿಗೆ ನಾಲ್ಕು ಸ್ಪ್ರಿಂಕ್ಲರ್ ಸಾಕು: ಗುಡ್ಡೆಯ ಬದಿಯ ಅಂಗಳದ ಅಂಚಿಗೆ ಎರಡು, ಮಾಡಿನ ಮೇಲೆ ಒಂದು, ಬೈಹುಲ್ಲು ಇಡುವ ಹಟ್ಟಿಗೆ ಒಂದು. ಅರ್ಧ ಇಂಚಿನ ಹಿತ್ತಾಳೆಯ ಸ್ಪ್ರಿಂಕ್ಲರೇ ಬೇಕು, ಟಕ್ ಟಕ್ ಎಂದು ತಾನೇ ತಟ್ಟಿಕೊಂಡು ತಿರುಗುವಂಥದ್ದು. ಪ್ಲಾಸ್ಟಿಕ್ಕಿನದ್ದು ಬಿಸಿಗೆ ಬಾಗುತ್ತದೆ. 3.2 ಮಿಲಿಮೀಟರ್ ನಾಸಲ್ ಇದ್ದರೆ 2 ಬಾರ್ ಒತ್ತಡದಲ್ಲಿ ಒಂದೊಂದೂ ನಿಮಿಷಕ್ಕೆ ಸುಮಾರು 9.2 ಲೀಟರ್ ನೀರನ್ನು 8 ಮೀಟರ್ ದೂರಕ್ಕೆ ಎಸೆಯುತ್ತದೆ. ನಾಲ್ಕಕ್ಕೆ ನಿಮಿಷಕ್ಕೆ 37 ಲೀಟರ್ ಎಂದಿಟ್ಟುಕೊಳ್ಳಿ. ಒತ್ತಡ ಕಡಿಮೆಯಾದರೆ ನೀರು ಒಂದು ಬಳೆಯಂತೆ ದೂರಕ್ಕೆ ಮಾತ್ರ ಬಿದ್ದು ನಡುವೆ ಒಣ ಜಾಗ ಉಳಿಯುತ್ತದೆ. ಹೆಚ್ಚಾದರೆ ಹನಿ ಮಂಜಿನಷ್ಟು ಸಣ್ಣದಾಗಿ ಗಾಳಿಗೆ ಹಾರಿಹೋಗುತ್ತದೆ.

ಹಂಚಿನ ಮಾಡಿಗೆ ತೂತು ಕೊರೆಯಬೇಡಿ. ಮುಕ್ಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಗೋಡೆಗೆ ಮೂರು ಕಡೆ ಕ್ಲಾಂಪಿನಿಂದ ಬಿಗಿದು, ಮಾಡಿನ ತುದಿಗಿಂತ ಒಂದು ಮೀಟರ್ ಮೇಲೆ ನಿಲ್ಲಿಸಿ. ತಟ್ಟುವ ಸ್ಪ್ರಿಂಕ್ಲರ್ ಪೈಪನ್ನು ಅಲುಗಿಸುತ್ತಲೇ ಇರುತ್ತದೆ, ಒಂದೇ ಕ್ಲಾಂಪಾದರೆ ತಿಂಗಳಲ್ಲಿ ಸಡಿಲವಾಗುತ್ತದೆ. ಮಾಡಿಗಿಂತ ಎತ್ತರದ ಕಬ್ಬಿಣವಾದ್ದರಿಂದ ಎಪ್ರಿಲ್-ಮೇ ತಿಂಗಳ ಸಿಡಿಲಿಗೆ ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಸರಿಯಾಗಿ ಅರ್ಥಿಂಗ್ ಮಾಡಿಸಿ. ಪ್ರತಿ ಸ್ಪ್ರಿಂಕ್ಲರಿನ ಬುಡಕ್ಕೂ ಒಂದು ಬಾಲ್ ವಾಲ್ವ್ ಇರಲಿ.

ಈ ವಾಲ್ವ್‌ಗಳಿಗೆ ಇನ್ನೊಂದು ಕಾರಣವೂ ಇದೆ. ಬೆಂಕಿಯ ಕಾಲವೂ ಅಡಿಕೆ ಒಣಗಿಸುವ ಕಾಲವೂ ಒಂದೇ. ಅಂಗಳ ತುಂಬ ಹರಡಿದ ಅಡಿಕೆ ಎದುರಿಗಿರುವಾಗ ಸ್ವಿಚ್ ಒತ್ತಲು ಯಾರಿಗೂ ಮನಸ್ಸು ಬರುವುದಿಲ್ಲ. ನೆನೆದರೆ ಬೂಸ್ಟು ಬರುತ್ತದೆ, ಬೆಲೆ ಬೀಳುತ್ತದೆ. ಇನ್ನು ಹತ್ತು ನಿಮಿಷ ನೋಡುವ ಎಂದು ಕಾಯುತ್ತಾರೆ, ಆ ಹತ್ತು ನಿಮಿಷವೇ ಮುಖ್ಯವಾದದ್ದು. ಆದ್ದರಿಂದ ಸ್ಪ್ರಿಂಕ್ಲರ್ ಜಾಗ ಗುರುತಿಸುವಾಗಲೇ ಅಡಿಕೆ ಹಾಕುವ ಜಾಗವನ್ನು 8 ಮೀಟರ್ ವೃತ್ತದಿಂದ ಹೊರಗಿಡಿ. ಅದು ಸಾಧ್ಯವಿಲ್ಲದಿದ್ದರೆ ಒಂದು ದೊಡ್ಡ ಟಾರ್ಪಾಲನ್ನು ಅಂಗಳದ ಬದಿಯಲ್ಲೇ ಸುತ್ತಿಡಿ. ಇಬ್ಬರು ಸೇರಿದರೆ ಅಡಿಕೆ ಮುಚ್ಚಲು ಹೆಚ್ಚು ಹೊತ್ತು ಬೇಡ.

ಪಂಪು ಮತ್ತು ಬ್ಯಾಟರಿ

ಹೆಚ್ಚಿನವರು ಎಡವುವುದು ಇಲ್ಲಿ. ಮಹಡಿಯ ಟ್ಯಾಂಕಿನಿಂದ ನೇರ ಪೈಪು ಎಳೆದರಾಯಿತು ಎಂದುಕೊಳ್ಳುತ್ತಾರೆ. ಐದು ಮೀಟರ್ ಎತ್ತರದ ಟ್ಯಾಂಕು ಅರ್ಧ ಬಾರ್ ಒತ್ತಡ ಮಾತ್ರ ಕೊಡುತ್ತದೆ, ಸ್ಪ್ರಿಂಕ್ಲರ್ ತಿರುಗುವುದೇ ಇಲ್ಲ. ಮದ್ದು ಬಿಡುವ ಬ್ಯಾಟರಿ ಸ್ಪ್ರೇಯರಿನ ಸಣ್ಣ ಪಂಪು ಒಂದು ಸ್ಪ್ರಿಂಕ್ಲರಿಗೂ ಸಾಲದು. ಇನ್ವರ್ಟರಿಗೆ ಮನೆಯ ಅರ್ಧ ಎಚ್‌ಪಿ ಪಂಪನ್ನು ಜೋಡಿಸುವವರೂ ಇದ್ದಾರೆ. ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ, ಮನೆಬಳಕೆಯ ಇನ್ವರ್ಟರ್ ಅಲ್ಲಿಗೇ ಟ್ರಿಪ್ ಆಗುತ್ತದೆ. ಬೇಕಾದದ್ದು ಕಂಟ್ರೋಲರ್ ಇರುವ 24 ವೋಲ್ಟಿನ ಬ್ರಷ್‌ಲೆಸ್ ಡಿಸಿ ಪಂಪು. ಅದು ನಿಧಾನವಾಗಿ ವೇಗ ಏರಿಸಿಕೊಳ್ಳುತ್ತದೆ.

ಲೆಕ್ಕ ಹೀಗೆ: ಸ್ಪ್ರಿಂಕ್ಲರಿಗೆ 2 ಬಾರ್ ಎಂದರೆ 20 ಮೀಟರ್, ಮಾಡಿನ ಎತ್ತರಕ್ಕೆ 6, ಪೈಪು ಮತ್ತು ಫಿಲ್ಟರಿನಲ್ಲಿ ನಷ್ಟವಾಗುವುದು 4. ಒಟ್ಟು 30 ಮೀಟರ್ ಹೆಡ್, ಎಂದರೆ ಪಂಪು ನೀರನ್ನು ಅಷ್ಟು ಎತ್ತರಕ್ಕೆ ತಳ್ಳುವಷ್ಟು ಒತ್ತಡ ಕೊಡಬೇಕು. ಅಂಗಡಿಯಲ್ಲಿ “30 ಮೀಟರ್ ಹೆಡ್‌ನಲ್ಲಿ ನಿಮಿಷಕ್ಕೆ 40 ಲೀಟರ್ ಬರುತ್ತದೆಯೇ” ಎಂದೇ ಕೇಳಿ. ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ಹೆಡ್ ಮತ್ತು ಗರಿಷ್ಠ ನೀರು ಎರಡೂ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಹೆಡ್ ಎಂದರೆ ನೀರು ಹರಿಯುವುದು ನಿಂತ ಎತ್ತರ.

ಇಂಥ ಪಂಪು ಸುಮಾರು 450 ವ್ಯಾಟ್ ತಿನ್ನುತ್ತದೆ. ಎರಡು ಗಂಟೆಗೆ 900 ವ್ಯಾಟ್-ಅವರ್. 25.6 ವೋಲ್ಟ್, 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ, ಅದರ ಶೇ. 80 ಬಳಸಿದರೂ ಸಾಲುತ್ತದೆ. ಎರಡು ಟ್ಯೂಬ್ಯುಲರ್ ಲೆಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿಯೂ ಮಾಡಬಹುದು. ಆದರೆ ಡಿಸ್ಟಿಲ್ಡ್ ವಾಟರ್ ಮರೆತು ಒಂದು ಮಳೆಗಾಲ ಬಿಟ್ಟರೆ ಬೇಕಾದ ದಿನ ಅವು ಕೈಕೊಡುತ್ತವೆ. ನಮ್ಮ ಸಲಹೆ ಲಿಥಿಯಂ ಕಡೆಗೇ.

ಬ್ಯಾಟರಿ ಪಂಪಿನಿಂದ 3 ಮೀಟರ್ ಒಳಗಿರಲಿ, 6 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿ. 24 ವೋಲ್ಟಿನಲ್ಲಿ 19 ಆಂಪಿಯರ್ ಹರಿಯುವಾಗ ತೆಳು ವೈರಿನಲ್ಲಿ ವೋಲ್ಟೇಜು ಸೋರಿಹೋಗಿ, ಬ್ಯಾಟರಿ ತುಂಬಿದ್ದರೂ ಕಂಟ್ರೋಲರ್ “ಲೋ ಬ್ಯಾಟರಿ” ಎಂದು ನಿಂತುಬಿಡುತ್ತದೆ. ಪಾಸಿಟಿವ್ ಬದಿಯಲ್ಲಿ ಬ್ಯಾಟರಿಗೆ ತೀರಾ ಹತ್ತಿರ 40 ಆಂಪಿಯರಿನ ಡಿಸಿ ಫ್ಯೂಸ್ ಇರಲಿ. ಮನೆಯ ಎಸಿ ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲಿ ನಡೆಯದು, ಡಿಸಿಯ ಕಿಡಿಯನ್ನು ಅದು ಕತ್ತರಿಸಲಾರದು. ಚಾರ್ಜಿಗೆ 150 ವ್ಯಾಟಿನ 24 ವೋಲ್ಟ್ ಸೋಲಾರ್ ಪ್ಯಾನೆಲ್, ಲಿಥಿಯಂ ಸೆಟ್ಟಿಂಗ್ ಇರುವ ಚಾರ್ಜ್ ಕಂಟ್ರೋಲರ್. ಎಲ್ಲವನ್ನೂ ಗುಡ್ಡೆಗೆ ವಿರುದ್ಧ ಬದಿಯ ಗೋಡೆಯ ನೆರಳಿನಲ್ಲಿ, ಕೆಂಪುಕಲ್ಲಿನ ಸಣ್ಣ ಗೂಡು ಕಟ್ಟಿ ಇಡಿ.

ನೀರು, ಪೈಪು

ನಿಮಿಷಕ್ಕೆ 37 ಲೀಟರಿನಂತೆ ಎರಡು ಗಂಟೆಗೆ ಸುಮಾರು 4,400 ಲೀಟರ್ ಬೇಕು. 5,000 ಲೀಟರಿನ ಟ್ಯಾಂಕನ್ನು ಪಂಪಿಗಿಂತ ಎತ್ತರದಲ್ಲಿಡಿ, ನೀರು ತಾನಾಗಿ ಪಂಪಿಗೆ ಬರುವಂತಿರಲಿ. ನೀರು ಮೇಲಕ್ಕೆ ಎಳೆಯಬೇಕಾದಲ್ಲಿ ಪೈಪಿನ ಬುಡದಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಫುಟ್ ವಾಲ್ವ್ ಸೋರಿ ಗಾಳಿ ಸೇರಿಕೊಂಡರೆ ಪಂಪು ಖಾಲಿ ತಿರುಗಿ ಸೀಲ್ ಸುಡುತ್ತದೆ. ಇದೇ ಟ್ಯಾಂಕಿನಿಂದ ಮನೆಬಳಕೆಗೂ ನೀರು ಬೇಕಿದ್ದರೆ ಆ ನಳ್ಳಿಯನ್ನು ಟ್ಯಾಂಕಿನ ತುದಿಯಿಂದ ಅರ್ಧ ಅಡಿ ಮಾತ್ರ ಕೆಳಗೆ ಕೂರಿಸಿ. ಉಳಿದದ್ದು ಬೆಂಕಿಗೆ ಮೀಸಲು.

ನೀರಿಗಾಗಿ ಗುಡ್ಡೆಗೆ ಅಡ್ಡವಾಗಿ ಕೊರೆದ ಸುರಂಗ ಇದ್ದವರು ಭಾಗ್ಯವಂತರು. ಮಾರ್ಚಿನಲ್ಲಿ ಅದು ನಿಮಿಷಕ್ಕೆ 2 ಲೀಟರ್ ಕೊಟ್ಟರೂ ದಿನಕ್ಕೆ 2,880 ಲೀಟರ್, ಕರೆಂಟಿಲ್ಲದೆ ಎರಡು ದಿನದೊಳಗೆ ಟ್ಯಾಂಕು ತುಂಬುತ್ತದೆ. ಸುರಂಗದ ತೊಟ್ಟಿ ಮಾಡಿಗಿಂತ 25 ಮೀಟರ್ ಎತ್ತರದಲ್ಲಿದ್ದು ಅಷ್ಟು ನೀರು ಹಿಡಿಯುವಂತಿದ್ದರೆ ಪಂಪೂ ಬೇಡ. ಗುಡ್ಡೆಯ ಎತ್ತರವೇ 2 ಬಾರಿಗಿಂತ ಹೆಚ್ಚು ಒತ್ತಡ ಕೊಡುತ್ತದೆ. 40 ಮಿಲಿಮೀಟರಿನ ಪೈಪು ಮತ್ತು ಒಂದು ವಾಲ್ವ್ ಸಾಕು. ಎಂಥ ಪೈಪಾದರೂ ಗುಡ್ಡೆಯ ಮೇಲೆ ಬಿಸಿಲಿಗೆ ಬಿಡಬೇಡಿ. ಬೆಂಕಿ ಮೊದಲು ಸುಡುವುದು ಅದನ್ನೇ. ಪಾರೆಯಲ್ಲಿ ಚರಂಡಿ ಕಡಿಯಲಾಗದಿದ್ದರೆ ಮೇಲೆ ಒಂದು ಅಡಿ ಮಣ್ಣು ಮುಚ್ಚಿ.

ಪಂಪಿನಿಂದ ಸ್ಪ್ರಿಂಕ್ಲರಿನವರೆಗೆ 32 ಮಿಲಿಮೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್ಕಿನ) ಪೈಪನ್ನು ನೆಲದೊಳಗೆ ಹಾಕಿ. 25ರ ಪೈಪಿನಲ್ಲಿ 30 ಮೀಟರಿಗೇ ಐದಾರು ಮೀಟರ್ ಹೆಡ್ ಹೋಗುತ್ತದೆ, 32ರಲ್ಲಿ ಒಂದೂವರೆ. ನೆಲದ ಮೇಲೆ ಕಾಣುವುದೆಲ್ಲ ಜಿಐ ಆಗಿರಲಿ, ಪಿವಿಸಿ 80 ಡಿಗ್ರಿಗೇ ಮೆತ್ತಗಾಗುತ್ತದೆ. ತೋಟದಲ್ಲಿ ಬಳಸುವ 120 ಮೆಷ್ (ಇಂಚಿಗೆ 120 ಕಣ್ಣಿನ) ಸ್ಕ್ರೀನ್ ಫಿಲ್ಟರ್ ಪಂಪಿನ ಮುಂದೆ ಇರಲೇಬೇಕು.

ಯಾವಾಗ ಒತ್ತಬೇಕು

ಎದುರು ಗುಡ್ಡೆಯಲ್ಲಿ ಹೊಗೆ ಕಂಡು ಗಾಳಿ ನಿಮ್ಮ ಕಡೆಗಿದ್ದರೆ ಆಗಲೇ. ಬೆಂಕಿ ಅಂಗಳಕ್ಕೆ ಬರುವ ಅರ್ಧ ಗಂಟೆ ಮೊದಲೇ ನೆಲ, ಮಾಡು, ಹುಲ್ಲು ನೆನೆದಿರಬೇಕು. ನೆನೆದದ್ದು ಯಾಕೆ ಹತ್ತುವುದಿಲ್ಲ ಎಂದರೆ, ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು 2,550 ಕಿಲೋಜೂಲ್ ಶಾಖ ಬೇಕು. ಅಷ್ಟನ್ನೂ ಕಿಡಿ ಮೊದಲು ನೀರಿಗೆ ಕೊಡಬೇಕಾಗುತ್ತದೆ. ಮೊದಲ 20 ನಿಮಿಷ ಬಿಡದೆ ಓಡಿಸಿ, ಆಮೇಲೆ ಸೈಕ್ಲಿಕ್ ಟೈಮರಿನಿಂದ 5 ನಿಮಿಷ ಆನ್, 5 ನಿಮಿಷ ಆಫ್ ಮಾಡಿದರೆ ಅದೇ ನೀರು ಹೆಚ್ಚು ಕಡಿಮೆ ಇಮ್ಮಡಿ ಹೊತ್ತು ಬರುತ್ತದೆ. ಈ 5 ನಿಮಿಷ ನಿಮ್ಮ ಅಂಗಳಕ್ಕೆ ಸರಿಯೇ ಎಂಬುದನ್ನು ಮಾರ್ಚಿನ ಒಂದು ಮಧ್ಯಾಹ್ನ ನೆನೆಸಿ ನೋಡಿ ತಿದ್ದಿಕೊಳ್ಳಿ. ಸೋಗೆ, ಹುಲ್ಲು ಒಣಗುವುದಕ್ಕೆ ಬಿಡಬಾರದು.

ಬಿಸಿ ತಾಗಿದರೆ ತಾನೇ ಹೊರಡುವ ಸೆನ್ಸರ್ ಹಾಕಲೇ ಎಂದು ಕೆಲವರು ಕೇಳುತ್ತಾರೆ. ಸೆನ್ಸರಿಗೆ ಬಿಸಿ ತಾಗುವಷ್ಟರಲ್ಲಿ ತಡವಾಗಿರುತ್ತದೆ. ತೋಟದ ಪಂಪಿಗೆ ಬಳಸುವ ಮೊಬೈಲ್ ಸ್ಟಾರ್ಟರುಗಳಲ್ಲಿ ಡಿಸಿಗೆ ಹೊಂದುವಂಥದ್ದು ಒಂದನ್ನು ಜೋಡಿಸಿದರೆ ಮನೆಯಲ್ಲಿ ಯಾರೂ ಇಲ್ಲದಾಗಲೂ ಕರೆ ಮಾಡಿ ಚಾಲೂ ಮಾಡಬಹುದು. ಕೈಯಿಂದ ಒತ್ತುವ ಸ್ವಿಚ್ಚನ್ನು ಮಾತ್ರ ತೆಗೆಯಬೇಡಿ, ಮನೆಯ ಹಿರಿಯರಿಗೂ ಮಕ್ಕಳಿಗೂ ಅದನ್ನು ತೋರಿಸಿಕೊಡಿ. ಒತ್ತಿದ ಕೂಡಲೇ 101ಕ್ಕೆ ಕರೆ ಮಾಡಿ, ಹಟ್ಟಿಯ ದನಗಳ ಹಗ್ಗ ಬಿಚ್ಚಿ.

ಹದಿನೈದು ದಿನಕ್ಕೊಮ್ಮೆ

ಡಿಸೆಂಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಿ. ಕುಂಬಾರ ಹುಳಕ್ಕೆ ನಾಸಲಿನ ತೂತು ಕಂಡರೆ ಬಲು ಇಷ್ಟ, ವಾರದೊಳಗೆ ಮಣ್ಣು ಮೆತ್ತಿರುತ್ತದೆ. ಸೂಜಿಯಿಂದ ತೂತು ದೊಡ್ಡ ಮಾಡಬೇಡಿ, ಕಳಚಿ ನೀರಿನಲ್ಲಿ ನೆನೆಸಿ ತೊಳೆಯಿರಿ. ನೀರು ಸರಿಯಾಗಿ ಬರುತ್ತದೆಯೇ ಎಂದು ನೋಡಲು ನಾಸಲಿಗೆ ಒಂದು ಹೋಸ್ ಸಿಕ್ಕಿಸಿ 10 ಲೀಟರಿನ ಬಕೆಟ್ ಹಿಡಿಯಿರಿ. 65 ಸೆಕೆಂಡಿನ ಆಸುಪಾಸಿನಲ್ಲಿ ತುಂಬಬೇಕು. ನಾಲ್ಕರಲ್ಲೂ ತಡವಾದರೆ ಫಿಲ್ಟರ್ ಕಟ್ಟಿದೆ, ಒಂದರಲ್ಲಿ ಮಾತ್ರ ಆದರೆ ಅದರ ನಾಸಲ್.

ಬೆಂಕಿ ಮನೆ ದಾಟಿ ಹೋದ ಮೇಲೆ ಟ್ಯಾಂಕಿನಲ್ಲಿ 500 ಲೀಟರಾದರೂ ಉಳಿದಿರುವಂತೆ ನೋಡಿಕೊಂಡು, ಪೈಪಿನ ಕೊನೆಗೆ ಒಂದು ಹೋಸ್ ನಳ್ಳಿ ಇಟ್ಟಿರಿ. ತೆಂಗಿನ ಬೊಡ್ಡೆ, ಸೆಗಣಿ ರಾಶಿ, ಕಟ್ಟಿಗೆಯ ಅಡಿ, ಹಂಚಿನ ಸಂದು, ಇವು ಗಂಟೆಗಟ್ಟಲೆ ಒಳಗೊಳಗೇ ಉರಿದು ರಾತ್ರಿ ಗಾಳಿಗೆ ಮತ್ತೆ ಎದ್ದುಕೊಳ್ಳುತ್ತವೆ. ಟಾರ್ಚು ಆರಿಸಿ ಕತ್ತಲಲ್ಲಿ ಒಂದು ಸುತ್ತು ಬಂದರೆ ಕೆಂಡ ಎಲ್ಲಿದೆ ಎಂದು ಚೆನ್ನಾಗಿ ಕಾಣುತ್ತದೆ.