ಮಕ್ಕಳಿಗೆ ‘ಓದು’ ಎನ್ನುವ ಮೊದಲು ಓದಿ ಹೇಳಿ

‘ನಮ್ಮ ಮಕ್ಕಳು ಪುಸ್ತಕ ಮುಟ್ಟುವುದೇ ಇಲ್ಲ’ ಎಂಬ ದೂರು ಕೇಳಿಬರುವ ಬಹುತೇಕ ಮನೆಗಳಲ್ಲಿ ದೊಡ್ಡವರೂ ಪುಸ್ತಕ ಮುಟ್ಟಿ ವರ್ಷಗಳಾಗಿರುತ್ತವೆ. ಸಂಜೆ ಏಳಾಗುತ್ತಿದ್ದಂತೆ ‘ಹೋಗು, ಓದಿಕೋ’ ಎಂದು ಮಗುವನ್ನು ಕೋಣೆಗೆ ಅಟ್ಟಿ ನಾವು ಟಿ.ವಿ. ಮುಂದೆ ಕೂರುತ್ತೇವೆ. ಮನೆಮಂದಿಯೆಲ್ಲ ಒಂದೆಡೆ ಇರುವಾಗ ತಾನೊಬ್ಬನೇ ದೂರ ಕೂತು ಮಾಡಬೇಕಾದ ಕೆಲಸದ ಮೇಲೆ ಮಗುವಿಗೆ ಪ್ರೀತಿ ಹುಟ್ಟುವುದಾದರೂ ಹೇಗೆ?

ಕನ್ನಡದ ಮಟ್ಟಿಗೆ ಓದು ಬಹುಕಾಲ ನಾಲ್ಕು ಜನ ಕೂಡಿ ಮಾಡುವ ಕೆಲಸವಾಗಿತ್ತು. ಗಮಕದಲ್ಲಿ ಕುಮಾರವ್ಯಾಸನ ಭಾರತವನ್ನು ಒಬ್ಬರು ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಿದ್ದರು. ಅಕ್ಷರ ಬಾರದವರೂ ಕಾವ್ಯವನ್ನು ಕಿವಿಯಲ್ಲೇ ಕಲಿತರು. ಓದಿಸುವ ಕೆಲಸವನ್ನು ಇಂದಿಗೂ ಕಿವಿಯಿಂದಲೇ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಅದನ್ನು ಮನೆಯಲ್ಲಿ ಹೀಗೆ ಮಾಡಬಹುದು.

ಮೊದಲು ಹೊತ್ತು ಗೊತ್ತುಮಾಡಿ

ರಾತ್ರಿ ಊಟ ಮುಗಿದು ತಟ್ಟೆ ಎತ್ತಿದ ಮೇಲಿನ 15 ನಿಮಿಷ ಸಾಕು. ‘ಬಿಡುವಾದಾಗ ಓದೋಣ’ ಎಂದರೆ ಬಿಡುವು ಬರುವುದಿಲ್ಲ. ಆ ಹೊತ್ತಿನಲ್ಲಿ ಎಲ್ಲರ ಮೊಬೈಲುಗಳೂ ಬೇರೆ ಕೋಣೆಯಲ್ಲಿರಲಿ, ಅಪ್ಪನದೂ ಸೇರಿ. ಅಜ್ಜ ಬೆಳಗಿನ ಪತ್ರಿಕೆಯನ್ನೇ ಮತ್ತೊಮ್ಮೆ ಹಿಡಿದು ಕೂತರೂ ಸರಿ.

ಗಟ್ಟಿಯಾಗಿ ಓದಿ

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ನಿಧಾನವಾಗಿ ಓದಿ. ಹುಲಿ ಬಂದಾಗ ದನಿ ಬದಲಿಸಿ. ಮುಂದೇನಾಗಬಹುದು ಎಂದು ಮಗು ತಾನಾಗಿ ಊಹಿಸುತ್ತಿದ್ದರೆ ಪುಟ ತಿರುಗಿಸುವ ಅವಸರ ಬೇಡ. ‘ಈ ಕಥೆಯ ನೀತಿಯೇನು?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಕಥೆ ಪಾಠವಾಗಿಬಿಡುತ್ತದೆ. ನಿನ್ನೆಯ ಕಥೆಯೇ ಇವತ್ತೂ ಬೇಕೆಂದು ಹಟ ಹಿಡಿದರೆ ಖುಷಿಪಡಿ. ಮತ್ತೆ ಮತ್ತೆ ಕೇಳಿದ ವಾಕ್ಯವನ್ನೇ ಮಗು ಮೊದಲು ಸರಾಗವಾಗಿ ಓದುವುದು.

ಕನ್ನಡದಲ್ಲಿ ಗಟ್ಟಿ ಓದಿಗೆ ಇನ್ನೊಂದು ಕಾರಣವಿದೆ. ಮನೆಯಲ್ಲಿ ‘ಹೋಗ್ತಾನೆ’ ಅಥವಾ ‘ಹೋಗ್ತಾನ’ ಎನ್ನುವ ಮಗುವಿಗೆ ಪುಸ್ತಕದ ‘ಹೋಗುತ್ತಾನೆ’ ಹೊಸ ರೂಪ. ಮನೆಮಾತು ತುಳು, ಕೊಂಕಣಿ ಅಥವಾ ಉರ್ದು ಆಗಿದ್ದರಂತೂ ಅಂತರ ಇನ್ನೂ ಹೆಚ್ಚು. ಆ ರೂಪಗಳನ್ನು ಕಿವಿ ಮೊದಲೇ ಬಲ್ಲದ್ದಾದರೆ ಅಕ್ಷರ ಕೂಡಿಸುವ ಕಷ್ಟ ಅರ್ಧಕ್ಕೆ ಇಳಿಯುತ್ತದೆ.

ಎಡವಿದಾಗ ತಾಳ್ಮೆಯಿರಲಿ

ಎರಡನೇ ತರಗತಿಯ ಹುಡುಗಿಯೊಬ್ಬಳು ‘ಅಜ್ಜಿ ಗಿಡಕ್ಕೆ ನೀರು ಹಾಕಿದಳು’ ಎಂದು ಓದಿ, ಮುಂದಿನ ಸಾಲಿನ ‘ಸೂರ್ಯ’ದ ಬಳಿ ನಿಂತಳೆನ್ನಿ. ‘ಸೂ... ಯ...’ ಎಂದು ತಡವರಿಸುತ್ತಾಳೆ. ತಪ್ಪು ಅವಳದ್ದಲ್ಲ. ಕಣ್ಣಿಗೆ ಮೊದಲು ಕಾಣುವುದು ‘ಯ’, ಆಮೇಲೆ ಅರ್ಕಾವತ್ತು. ಬಾಯಲ್ಲಿ ಮಾತ್ರ ಅರ್ಕಾವತ್ತಿನ ರಕಾರವೇ ಮೊದಲು ಬರಬೇಕು. ಇದನ್ನು ಅರಿಯದೆ ‘ಇಷ್ಟೂ ಬರುವುದಿಲ್ಲವೇ?’ ಎಂದು ಗದರಿದರೆ ನಾಳೆ ಆ ಪುಸ್ತಕ ಬಚ್ಚಿಟ್ಟುಕೊಳ್ಳುತ್ತದೆ. ಒಂದೆರಡು ಕ್ಷಣ ಕಾಯಿರಿ. ಬಾರದಿದ್ದರೆ ಆ ಪದವನ್ನು ನೀವೇ ಹೇಳಿ, ಅವಳು ಮುಂದಕ್ಕೆ ಓದಲಿ. ಕಥೆ ಮುಗಿದ ಮೇಲೆ ಅದೇ ಪದಕ್ಕೆ ಹಿಂದಿರುಗಿ, ಜೊತೆಗೆ ‘ಕಾರ್ಯ’, ‘ವರ್ಷ’ ಎಂದು ಬರೆದು ತೋರಿಸಿ. ಶುರುವಿನಲ್ಲಿ ಒತ್ತಕ್ಷರ ಕಡಿಮೆಯಿರುವ ಪುಸ್ತಕಗಳನ್ನೇ ಆರಿಸಿಕೊಳ್ಳುವುದು ಜಾಣತನ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಗಳಲ್ಲಿ ಮಗು ಎಡವಿದರೆ, ಆ ಪುಸ್ತಕವನ್ನು ಸದ್ಯಕ್ಕೆ ನೀವು ಓದಿ ಹೇಳಿ.

ಪುಸ್ತಕ ಎಲ್ಲಿಂದ ತರುವುದು?

ದುಡ್ಡಿಲ್ಲ ಎಂಬ ಕಾರಣಕ್ಕೆ ಯಾವ ಮಗುವಿನ ಓದೂ ನಿಲ್ಲಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಅವುಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ. ಮೊದಲ ಹಂತದ ಕಥೆಗಳು 250 ಪದಗಳೊಳಗೆ ಮುಗಿಯುತ್ತವೆ. ಇಳಿಸಿಕೊಂಡು ಮುದ್ರಿಸಲು ಅವಕಾಶವಿದೆ. ಪರದೆಗಿಂತ ಕಾಗದದ ಮೇಲೆ ಓದಿಸುವುದೇ ನನಗೆ ಹೆಚ್ಚು ಇಷ್ಟ. ಅಮೆರಿಕದಲ್ಲಿರುವ ಮೊಮ್ಮಗಳಿಗೆ ಹಾಸನದ ಅಜ್ಜಿ ವಿಡಿಯೊ ಕರೆಯಲ್ಲಿ ಓದಿ ಹೇಳಲು ಕೂಡ ಇದೇ ದಾರಿ: ಇಬ್ಬರ ಕೈಯಲ್ಲೂ ಒಂದೇ ಕಥೆಯ ಪ್ರತಿ ಇರಲಿ.

ಇನ್ನು ಸಾರ್ವಜನಿಕ ಗ್ರಂಥಾಲಯ. 1965ರ ಕಾಯ್ದೆಯಿಂದ ರೂಪುಗೊಂಡ ಈ ವ್ಯವಸ್ಥೆಗೆ ನಾವು ಹಣ ಕೊಡುತ್ತಲೇ ಇದ್ದೇವೆ. ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ತೆರಿಗೆಯ ಶೇ 6ರಷ್ಟು ಗ್ರಂಥಾಲಯ ಕರ ಅದರಲ್ಲಿರುತ್ತದೆ. ಹಣ ಕಟ್ಟಿಯೂ ಒಳಗೆ ಕಾಲಿಡದಿರುವುದು ನಮಗೇ ನಷ್ಟ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ಗಳಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಶನಿವಾರ ಮಗುವನ್ನು ಕರೆದುಕೊಂಡು ಹೋಗಿ, ಪುಸ್ತಕವನ್ನು ಅದೇ ಆರಿಸಲಿ. ಅದು ಭೂತದ ಕಥೆಯೋ ಕಾಮಿಕ್ಸೋ ಆದರೆ ಮುಖ ಸಿಂಡರಿಸಬೇಡಿ.

ದೊಡ್ಡವರು ಎಲ್ಲಿಂದ ಶುರು ಮಾಡಬೇಕು?

ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ನಲವತ್ತು ದಾಟಿದವರಲ್ಲಿ ‘ಓದಿನ ಆಸಕ್ತಿಯೇ ಹೋಯಿತು’ ಎನ್ನುವ ಹಲವರಿಗೆ ನಿಜವಾಗಿ ಬಂದಿರುವುದು ಚಾಳೀಸು. ಸಣ್ಣ ಅಕ್ಷರಕ್ಕೆ ಕಣ್ಣು ಸೋತು ತಲೆ ನೋಯುತ್ತದೆ, ಕೈ ಮೊಬೈಲಿನತ್ತ ಹೋಗುತ್ತದೆ. ಕನ್ನಡಕ ಹಾಕಿಕೊಂಡು, ಬೆಳಕು ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳುವಂತೆ ಕೂತರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಆಮೇಲೆ ದಪ್ಪ ಕಾದಂಬರಿಗೆ ಕೈಹಾಕದೆ ಒಂದೇ ಕೂರಿಕೆಗೆ ಮುಗಿಯುವ ಸಣ್ಣಕಥೆ, ಲಲಿತ ಪ್ರಬಂಧ, ಪ್ರವಾಸಕಥನಗಳಿಂದ ಆರಂಭಿಸಿ. ಗಮನ ಹಿಡಿದಿಡುವ ಅಭ್ಯಾಸ ಮರಳಿದ ಮೇಲೆ ದಿನಕ್ಕೆ 10 ಪುಟದ ಲೆಕ್ಕ ಹಾಕಿಕೊಂಡರೂ ತಿಂಗಳಿಗೆ 300 ಪುಟದ ಕಾದಂಬರಿಯೊಂದು ಮುಗಿಯುತ್ತದೆ. ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ ಕಾಯುವಾಗ ಕೈಗೆ ಸಿಗುವಂತೆ ಚೀಲದಲ್ಲೊಂದು ತೆಳು ಪುಸ್ತಕವಿರಲಿ. ಐವತ್ತು ಪುಟ ಓದಿದರೂ ಹಿಡಿಸದ ಪುಸ್ತಕವನ್ನು ಸಂಕೋಚವಿಲ್ಲದೆ ಮುಚ್ಚಿ ಬೇರೆಯದನ್ನು ತನ್ನಿ. ಮಗು ಅರ್ಧಕ್ಕೇ ಬಿಟ್ಟ ಪುಸ್ತಕವನ್ನೂ ಹಾಗೆಯೇ ಮರುಮಾತಿಲ್ಲದೆ ಬದಲಿಸಿಕೊಡಿ.