ಒಂದೇ ಕಿಡ್ನಿ ಇರುವವರು ಕ್ರಿಯಾಟಿನಿನ್ ರಿಪೋರ್ಟ್ ನೋಡುವ ಕ್ರಮ

ಕ್ಯಾನ್ಸರ್ ಗೆಡ್ಡೆ ಇದ್ದ ಎಡ ಕಿಡ್ನಿ ತೆಗೆಸಿದ ಮೇಲೆ ನನ್ನ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) 1.0ರಿಂದ 1.4ಕ್ಕೆ (mg/dL) ಏರಿತು. ರಿಪೋರ್ಟಿನಲ್ಲಿ ದಪ್ಪ ಅಕ್ಷರ, ಮನೆಯಲ್ಲಿ ಗಾಬರಿ. ಡಾಕ್ಟರು ಮಾತ್ರ "ಏರದೆ ಇನ್ನೇನಾಗುತ್ತೆ?" ಅಂದರು. ಸರಿಯೇ, ಸೋಸಲು ಒಂದೇ ಉಳಿದಿದೆ. ಆದರೆ ಉಳಿದ ಕಿಡ್ನಿ ಬರುಬರುತ್ತಾ ಸ್ವಲ್ಪ ದಪ್ಪವಾಗಿ ಜಾಸ್ತಿ ರಕ್ತ ಸೋಸುತ್ತದೆ. ಹಾಗಾಗಿ ಶಕ್ತಿ ಅರ್ಧಕ್ಕೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ನಿಲ್ಲುತ್ತದೆ.

ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನಿಗೆ ಲೆಕ್ಕ ಬರೆಯದೆ ನಿದ್ದೆ ಬರುವುದಿಲ್ಲ. ಒಂದು ನೋಟ್‌ಬುಕ್ ಮಾಡಿದೆ, ನೀವೂ ಮಾಡಿ: ತಾರೀಖು, ಕ್ರಿಯಾಟಿನಿನ್, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು), ಮೂತ್ರದ ಆಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್), ಬಿಪಿ. ಪ್ರತಿ ಸಲ ಅದೇ ಲ್ಯಾಬಿಗೆ ಹೋಗಿ. ಹಿಂದಿನ ರಾತ್ರಿ ಮಟನ್ ಊಟ ಬೇಡ, ಅದರಿಂದಲೂ ಕ್ರಿಯಾಟಿನಿನ್ ಏರುತ್ತದೆ.

ಪಕ್ಕದ ಮನೆಯವರ ನಂಬರ್ ಜೊತೆ ಹೋಲಿಸಬೇಡಿ. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ನೋಡಿ ಇಜಿಎಫ್‌ಆರ್ ಲೆಕ್ಕ ಹಾಕುವ 2021ರ ಸೂತ್ರದಲ್ಲಿ 58 ವರ್ಷದ ಗಂಡಸಿಗೆ 1.4 ಅಂದರೆ ಇಜಿಎಫ್‌ಆರ್ ಸುಮಾರು 58. ಅದೇ ವಯಸ್ಸಿನ ಹೆಂಗಸಿಗೆ ಅದೇ 1.4 ಇದ್ದರೆ ಸುಮಾರು 44! ಅದಕ್ಕೇ ನಾನು ಇಜಿಎಫ್‌ಆರ್ ಕಾಲಂ ಮೊದಲು ನೋಡುತ್ತೇನೆ. 60ಕ್ಕಿಂತ ಕಡಿಮೆ ಮೂರು ತಿಂಗಳು ದಾಟಿದರೆ 'ಸಿಕೆಡಿ' (ದೀರ್ಘಕಾಲದ ಕಿಡ್ನಿ ಕಾಯಿಲೆ) ಅಂತ ಬರೆಯುತ್ತಾರೆ. ಹೆಸರು ಕೇಳಿ ಡಯಾಲಿಸಿಸ್ ಅಂದುಕೊಳ್ಳಬೇಡಿ. ಇಜಿಎಫ್‌ಆರ್ ವರ್ಷಗಟ್ಟಲೆ 58ರಲ್ಲೇ ನಿಂತರೆ ಒಳ್ಳೆಯದೇ. 58, 53, 47 ಅಂತ ಜಾರುತ್ತಿದ್ದರೆ, ಅಥವಾ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30 (mg/g) ದಾಟಿದರೆ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹತ್ತಿರ ಹೋಗಿ.

ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳೇ ನಮ್ಮಂಥವರಿಗೆ ದೊಡ್ಡ ಶತ್ರು. ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತಗೊಳ್ಳಿ. ಧಾರೆಹುಳಿ, ಬಿಂಬುಳಿ ಜ್ಯೂಸ್ ಕೂಡ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕಿಡ್ನಿ ಕೆಡಿಸಿದ್ದುಂಟು. ಕೊಲೆಸ್ಟ್ರಾಲ್ ಇಳಿಯುತ್ತೆ ಅಂತ ಯಾರೋ ಹೇಳಿಯೇ ಹೇಳುತ್ತಾರೆ, ಅಲ್ವಾ? ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ.

ಕ್ಯಾನ್ಸರ್ ಫಾಲೋಅಪ್ ಬೇರೆ ಲೆಕ್ಕ. ಕ್ರಿಯಾಟಿನಿನ್ ಚೆನ್ನಾಗಿದೆ ಅಂದರೆ ಗೆಡ್ಡೆ ಮರಳಿಲ್ಲ ಅಂತಲ್ಲ, ಸ್ಕ್ಯಾನ್ ತಪ್ಪಿಸಬೇಡಿ. ಸಿಟಿ ಸ್ಕ್ಯಾನಿಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಕೊಡುವ ಮೊದಲು ಒಂದೇ ಕಿಡ್ನಿ ಅಂತ ನೀವೇ ಹೇಳಿ, ಹೊಸ ರಿಪೋರ್ಟ್ ತೋರಿಸಿ. ವಾಂತಿ ಭೇದಿ ಆಗಿ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬಿಪಿ ಮಾತ್ರೆ ಮುಂದುವರಿಸಬೇಕೇ ಅಂತಲೂ ಕೇಳಿ.